ಜಪಾನಿನಿಂದ ಬಂದ ಗ್ಯಾಸ್ಕೆಟ್

ಹೋದ ತಿಂಗಳು ಮಗಳ ಜೊತೆ ಬಸವೇಶ್ವರನಗರದ ಒಂದು ಗ್ಯಾರೇಜಿಗೆ ಹೋಗಿದ್ದೆ. ಅವಳ ಕಾರಿಗೆ ಏನೋ ಹೊಸ ಪಾರ್ಟು ಹಾಕಬೇಕಿತ್ತು. ಮೆಕ್ಯಾನಿಕ್ ಡಬ್ಬಿ ಬಿಚ್ಚಿ ಒಳಗಿನ ಎಣ್ಣೆ ಕಾಗದವನ್ನು ಸರ್ರನೆ ಹರಿದ. ಮೇಣ, ಎಣ್ಣೆ, ಹೊಸ ಲೋಹ ಮೂರೂ ಬೆರೆತ ವಾಸನೆ ಮೂಗಿಗೆ ಬಡಿಯಿತು. “ನಿನ್ನೆ ಆರ್ಡರ್ ಮಾಡಿದ್ದು ಮೇಡಂ, ಇವತ್ತು ಬಂತು” ಅಂದ. ನನಗೆ ಯಾಕೋ ಸಿಟ್ಟು ಬಂತು. ಅವನ ಮೇಲಲ್ಲ... ಇಂಥದೇ ಒಂದು ಡಬ್ಬಿಗಾಗಿ ನಮ್ಮ ಎದುರುಮನೆಯವರು ಹದಿನಾಲ್ಕು ತಿಂಗಳು ಕಾದಿದ್ದರು. ಅದು ಬಂದ ದಿನ ಅವರ ಮನೆ ಜಗಲಿಯ ತುಂಬ ಇದೇ ವಾಸನೆ ಇತ್ತು.

ಎಪ್ಪತ್ತರ ದಶಕದ ಮೊದಲ ವರ್ಷಗಳು. ನಾವು ರಾಜಾಜಿನಗರದಲ್ಲಿದ್ದೆವು. ನಾನು ಟೈಪಿಂಗ್ ಸೀನಿಯರ್ ಪಾಸು ಮಾಡಿ, ಕಲಿತ ಇನ್‌ಸ್ಟಿಟ್ಯೂಟಿನಲ್ಲೇ ಹೊರಗಿನವರ ಅರ್ಜಿ, ಕಾಗದಗಳನ್ನು ಟೈಪ್ ಮಾಡಿಕೊಡುವ ಕೆಲಸಕ್ಕೆ ಸೇರಿದ್ದೆ. ಇಪ್ಪತ್ತೊಂದು ವರ್ಷ, ಬೆರಳು ಓಡುವ ವೇಗದ ಬಗ್ಗೆ ಬಲು ಜಂಬ. ಎದುರುಮನೆಯವರು ಒಂದು ದೊಡ್ಡ ಕಾರ್ಖಾನೆಯಲ್ಲಿ ಫೋರ್‌ಮನ್. ರಸ್ತೆಯವರೆಲ್ಲ ಅವರನ್ನು ಫೋರ್‌ಮನ್ ಸಾರ್ ಅನ್ನುತ್ತಿದ್ದೆವು. ಎತ್ತರದ ಆಳು, ಹಣೆಯಲ್ಲಿ ಸದಾ ವಿಭೂತಿ, ಉಗುರಿನ ಸಂದಿಯಲ್ಲಿ ಸದಾ ಗ್ರೀಸು. ಕಾರ್ಖಾನೆಯವರು ಅವರನ್ನು ಎರಡು ವರ್ಷ ತರಬೇತಿಗೆಂದು ಜಪಾನಿಗೆ ಕಳಿಸಿದ್ದರು. ಜೊತೆಗೆ ಹೋದವರೆಲ್ಲ ರೇಡಿಯೋ, ಕ್ಯಾಮೆರಾ, ನೈಲಾನ್ ಸೀರೆ ತಂದರೆ ಇವರು ಕಾರು ತಂದರು.

ಅದೂ ಸುಮ್ಮನೆ ಕಾರಲ್ಲ. ಅಲ್ಲಿ ಅವರ ಜೊತೆ ಕೆಲಸ ಮಾಡುತ್ತಿದ್ದ ಒಬ್ಬ ಭಾನುವಾರಗಳಲ್ಲಿ ರೇಸಿಗೆ ಓಡಿಸುತ್ತಿದ್ದ ಕಾರಂತೆ. ಎರಡೇ ಬಾಗಿಲು, ನೆಲಕ್ಕೆ ಅಂಟಿದ ಹಾಗೆ ಮೈ, ಎಂಜಿನ್ನಿಗೆ ಒಂದರ ಬದಲು ಎರಡು ಕಾರ್ಬ್ಯುರೇಟರು. ಸಿಲಿಂಡರುಗಳನ್ನು ಕೊರೆದು ಅಗಲ ಮಾಡಿದ್ದರು. ಹಳೆಯದಾದ್ದರಿಂದ ಅಲ್ಲಿ ಅಗ್ಗಕ್ಕೆ ಸಿಕ್ಕಿತ್ತು. ಇಲ್ಲಿ ಅದು ಅಗ್ಗವಾಗಲಿಲ್ಲ. ಮದರಾಸಿನ ಬಂದರಿನಲ್ಲಿ ಏಳು ತಿಂಗಳು ಕೂತಿತು. ಕಾರಿಗೆ ಕೊಟ್ಟದ್ದರ ಎರಡರಷ್ಟು ಸುಂಕ, ಮೇಲೆ ಅದು ಬಂದರಿನಲ್ಲಿ ನಿಂತ ಪ್ರತಿ ದಿನಕ್ಕೂ ಬಾಡಿಗೆ. ಕೊನೆಗೆ ವಿಜಯನಗರದಲ್ಲಿ ಮನೆ ಕಟ್ಟಲೆಂದು ತೆಗೆದಿಟ್ಟಿದ್ದ ಸೈಟನ್ನು ಮಾರಿ ಬಿಡಿಸಿಕೊಂಡು ಬಂದರು.

ಅವರ ಹೆಂಡತಿಯನ್ನು ನಾನು ಅಕ್ಕ ಅನ್ನುತ್ತಿದ್ದೆ. ಕಾರು ಬಂದ ವಾರ ನನ್ನನ್ನೂ ಹತ್ತಿಸಿಕೊಂಡು ಕೆಂಗೇರಿ ಕಡೆ ಹೊರಟರು. ಹಿಂದಿನ ಸೀಟಿನಲ್ಲಿ ಮಡಿಚಿಕೊಂಡು ಕೂತ ನನಗೆ ಅಕ್ಕ ಹೇಳಿದರು: “ಹುಷಾರಾಗಿ ಕೂತ್ಕೊಳ್ಳಮ್ಮಾ. ಇದು ಕಾರಲ್ಲ, ನಮ್ಮ ಸೈಟು. ಮೂವತ್ತು ನಲವತ್ತರದ್ದು.” ಫೋರ್‌ಮನ್ ಸಾರ್ ನಕ್ಕುಬಿಟ್ಟರು. ಮೈಸೂರು ರಸ್ತೆ ಸಿಕ್ಕಿದ್ದೇ ಅವರು ಕಾಲು ಒತ್ತಿದರು ನೋಡಿ... ಎಂಜಿನ್ನು ಗಂಟಲು ತೆರೆದು ಹಾಡಿದ ಹಾಗಾಯಿತು. ಹುಣಸೆ ಮರಗಳು ಒಂದಕ್ಕೊಂದು ಅಂಟಿಕೊಂಡು ಹಿಂದಕ್ಕೆ ಓಡಿದವು. ಅಕ್ಕ ಹೆದರಿ ಬೈಯುತ್ತ, ಬೈಯುತ್ತಲೇ ನಗುತ್ತಿದ್ದರು. ಅಷ್ಟು ಖುಷಿಯಾಗಿ ಅವರಿಬ್ಬರನ್ನೂ ನಾನು ಮತ್ತೆ ನೋಡಲಿಲ್ಲ.

ನಮ್ಮ ಪೆಟ್ರೋಲು ಆ ಎಂಜಿನ್ನಿಗೆ ಒಗ್ಗಲಿಲ್ಲ. ಏರಿನಲ್ಲಿ ಕಟಕಟ ಸದ್ದು ಮಾಡತೊಡಗಿತು. ನಾಲ್ಕು ತಿಂಗಳಿಗೆ ಗ್ಯಾಸ್ಕೆಟ್ ಸುಟ್ಟಿತು. ಎಂಜಿನ್ನಿನ ಮೇಲಿನ ಭಾಗಕ್ಕೂ ಕೆಳಗಿನ ಭಾಗಕ್ಕೂ ನಡುವೆ ಕೂರುವ ತೆಳು ಹಾಳೆ ಅದು; ಅದು ಹೋದರೆ ಗಾಡಿ ನಿಂತ ಹಾಗೆಯೇ. ಅಂಬಾಸಡರಿಗಾಗಿದ್ದರೆ ಜೆ.ಸಿ. ರಸ್ತೆಯಲ್ಲಿ ಯಾವ ಅಂಗಡಿಯಲ್ಲಾದರೂ ಸಿಗುತ್ತಿತ್ತು. ಇವರು ತಾವೇ ತಾಮ್ರದ ತಗಡು ಕತ್ತರಿಸಿ ಮಾಡಿ ನೋಡಿದರು. ಮೊದಲನೆಯದು ವಿಜಯನಗರದವರೆಗೆ ಬಾಳಿತು, ಎರಡನೆಯದು ನಮ್ಮ ರಸ್ತೆಯ ತಿರುವಿನವರೆಗೆ. ಆಮೇಲೆ ಕಾರಿಗೆ ಟಾರ್ಪಾಲು ಹೊದಿಸಿ, ಮೊದಲಿನಂತೆ ಕಾರ್ಖಾನೆ ಬಸ್ಸಿಗೆ ನಿಲ್ಲತೊಡಗಿದರು. ಬಸ್ಸಿನಲ್ಲಿ “ಏನ್ ಸಾರ್, ರೇಸ್ ಕಾರು ರಜಾನಾ?” ಅಂತ ಕೇಳದವರೇ ಇರಲಿಲ್ಲವಂತೆ.

ಪಾರ್ಟು ಜಪಾನಿನಿಂದಲೇ ಬರಬೇಕು, ತರಿಸಲು ಆಮದು ಲೈಸೆನ್ಸ್ ಬೇಕು. ಹಾಗೆ ಅವರ ಅರ್ಜಿಗಳು ನನ್ನ ಮೆಷಿನ್ನಿಗೆ ಬಂದವು. ಮೊದಲ ಅರ್ಜಿಗೆ ಬಂದ ಉತ್ತರ: ಈ ವಸ್ತು ದೇಶದಲ್ಲಿ ತಯಾರಾಗುವುದಿಲ್ಲ ಎಂಬ ಪ್ರಮಾಣಪತ್ರ ಲಗತ್ತಿಸಿ. ಯಾರೂ ತಯಾರಿಸದ ವಸ್ತುವಿಗೆ ಪ್ರಮಾಣಪತ್ರ ಕೊಡುವವರು ಯಾರು? ಇವರು ಮೂರು ಕಡೆ ಅಲೆದು ಅದನ್ನೂ ತಂದರು. ಎರಡನೆಯ ಉತ್ತರ: ಮೂರು ಪ್ರತಿ ಕಳಿಸಬೇಕಿತ್ತು, ಎರಡೇ ಇವೆ. ಮೂರನೆಯದು: ಖಾಸಗಿ ಕಾರು ಅವಶ್ಯಕ ವಸ್ತುವಲ್ಲ. ಪ್ರತಿ ಸಲವೂ ಅರ್ಧ ದಿನ ರಜೆ ಹಾಕಿ, ಇಸ್ತ್ರಿ ಮಾಡಿದ ಷರ್ಟು ತೊಟ್ಟು ಲೈಸೆನ್ಸ್ ಆಫೀಸಿಗೆ ಹೋಗುತ್ತಿದ್ದರು. ವಾಪಸ್ಸು ಬರುವಾಗ ನಮ್ಮ ಇನ್‌ಸ್ಟಿಟ್ಯೂಟಿನ ಮೆಟ್ಟಿಲ ಮೇಲೆ ಚಪ್ಪಲಿ ಸದ್ದು ಕೇಳಿದರೇ ನನಗೆ ಗೊತ್ತಾಗುತ್ತಿತ್ತು. “ಇನ್ನೊಂದು ಹೊಡೀಬೇಕಮ್ಮಾ” ಅನ್ನುತ್ತಿದ್ದರು. ಅಷ್ಟೇ. ನನಗೇ ರೋಸಿಹೋಗಿತ್ತು. ಅದೇ ವಿಷಯ, ಅದೇ ‘ವಿನಯಪೂರ್ವಕವಾಗಿ’... ಈ ನಡುವೆ ಪೆಟ್ರೋಲ್ ಬೆಲೆ ದಿಢೀರನೆ ಏರಿತು. ಅಕ್ಕ ಒಂದು ದಿನ ನಮ್ಮಮ್ಮನ ಹತ್ತಿರ, “ಓಡದೇ ಇರೋದೇ ವಾಸಿ ಬಿಡಿ, ಓಡಿದ್ರೆ ನಾವು ಉಪವಾಸ” ಅಂದದ್ದು ನೆನಪಿದೆ.

ಕೊನೆಗೂ ಲೈಸೆನ್ಸ್ ಬಂತು. ಒಂದೇ ಸಲಕ್ಕೆ, ಒಂದೇ ಗ್ಯಾಸ್ಕೆಟ್ ಸೆಟ್ಟಿಗೆ. ಅವತ್ತು ಫೋರ್‌ಮನ್ ಸಾರ್ ಇನ್‌ಸ್ಟಿಟ್ಯೂಟಿಗೆಲ್ಲ ಮೈಸೂರುಪಾಕು ಹಂಚಿದರು. ತಮ್ಮ ಪುಟ್ಟ ನೋಟ್‌ಬುಕ್ಕಿನಿಂದ ಪಾರ್ಟ್ ನಂಬರನ್ನು ನಿಧಾನವಾಗಿ ಓದಿ ಹೇಳಿದರು. ನಾನು ಜಪಾನಿನ ಅಂಗಡಿಗೆ ಆರ್ಡರು ಟೈಪ್ ಮಾಡಿದೆ. ಬಾಯಲ್ಲಿ ಮೈಸೂರುಪಾಕಿತ್ತು, ಬೆರಳು ಓಡುತ್ತಿತ್ತು. ಅವರು ಸಂಭ್ರಮದಲ್ಲಿ ಓದದೆಯೇ ಸಹಿ ಹಾಕಿದರು.

ಪಾರ್ಸೆಲ್ಲು ಬಂದ ಭಾನುವಾರ ನಮ್ಮನ್ನೆಲ್ಲ ಕರೆದರು. ಜಗಲಿಯ ಮೇಲೆ ಚಾಪೆ ಹಾಸಿ, ಕೈ ತೊಳೆದುಕೊಂಡು, ಪೂಜೆಗೆ ಕೂತ ಹಾಗೆ ಕೂತು ಡಬ್ಬಿ ಬಿಚ್ಚಿದರು. ಎಣ್ಣೆ ಕಾಗದದಿಂದ ಗ್ಯಾಸ್ಕೆಟ್ ತೆಗೆದು, ಮೊದಲೇ ಬಿಚ್ಚಿಟ್ಟಿದ್ದ ಎಂಜಿನ್ನಿನ ಮೇಲೆ ಇಟ್ಟರು. ಸ್ವಲ್ಪ ಸರಿಸಿದರು. ತಿರುಗಿಸಿ ಇಟ್ಟರು. ಗ್ಯಾಸ್ಕೆಟ್ಟಿನ ತೂತು ಸಿಲಿಂಡರಿಗಿಂತ ಚಿಕ್ಕದಿತ್ತು. ಅದು ಕೊರೆಯದ, ಮಾಮೂಲಿ ಎಂಜಿನ್ನಿನದು. ಡಬ್ಬಿಯ ಮೇಲಿನ ನಂಬರನ್ನು ನೋಟ್‌ಬುಕ್ಕಿನ ಜೊತೆ ಹೋಲಿಸಿ ನೋಡಿದರು. “ಕೊನೇಲಿ ಎಂಬತ್ಮೂರು ಇರ್ಬೇಕು, ಮೂವತ್ತೆಂಟು ಕಳ್ಸಿದಾರೆ. ಅಂಗಡಿಯವರ ತಪ್ಪು” ಅಂದರು. ಅಕ್ಕ ಎದ್ದು ಒಳಗೆ ಹೋದರು.

ಮಾರನೇ ದಿನ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಹೋಗಿ ಫೈಲಿನಲ್ಲಿದ್ದ ಕಾರ್ಬನ್ ಪ್ರತಿ ತೆಗೆದು ನೋಡಿದೆ. ಮೂವತ್ತೆಂಟು. ಅಂಗಡಿಯವರದಲ್ಲ, ನನ್ನ ಬೆರಳಿನ ತಪ್ಪು.

ಅವತ್ತೇ ಹೇಳಬೇಕಿತ್ತು. ಸಂಜೆ ಹೇಳೋಣ ಅಂದುಕೊಂಡೆ. ಸಂಜೆ ಅವರೇ ಬಂದರು, ಅಂಗಡಿಗೆ ದೂರು ಬರೆಸಲು. ಸಿಟ್ಟಿನಲ್ಲಿದ್ದರು. ನಾನು ತಲೆ ಬಗ್ಗಿಸಿ ಮೆಷಿನ್ನಿಗೆ ಹಾಳೆ ಏರಿಸಿದೆ. “ಇಂಥ ಘೋರ ಅಜಾಗರೂಕತೆಯನ್ನು ನಿಮ್ಮಂಥವರಿಂದ ನಿರೀಕ್ಷಿಸಿರಲಿಲ್ಲ ಅಂತ ಹಾಕಮ್ಮಾ” ಅಂದರು. ಇಂಗ್ಲಿಷಿನಲ್ಲಿ ಆ ವಾಕ್ಯವನ್ನು ಒಂದೂ ಅಕ್ಷರ ತಪ್ಪದೆ ಟೈಪ್ ಮಾಡಿದೆ. ಯಾರದೋ ಮೇಲೆ, ಸಮುದ್ರದಾಚೆ, ಹೊರಿಸಿದರೆ ಯಾರಿಗೂ ಏನೂ ಆಗುವುದಿಲ್ಲ ಅಂತ ನನಗೆ ನಾನೇ ಹೇಳಿಕೊಂಡೆ.

ಎರಡು ತಿಂಗಳು ಹಾಗೇ ಕಳೆದವು. ಲೈಸೆನ್ಸ್ ಆಫೀಸಿನಲ್ಲಿ, ತಪ್ಪು ತಮ್ಮದೆಂದು ಅಂಗಡಿಯವರು ಬರೆದುಕೊಟ್ಟರೆ ಮತ್ತೊಂದು ಸಲ ಯೋಚಿಸುತ್ತೇವೆ ಅಂದಿದ್ದರಂತೆ. ಇವರು ಆ ಆಸೆಯಲ್ಲಿದ್ದರು. ಎದುರು ಸಿಕ್ಕಾಗಲೆಲ್ಲ “ಇನ್ನೂ ಕಾಗದ ಬಂದಿಲ್ಲ ನೋಡಮ್ಮಾ” ಅನ್ನುವರು. ನಾನು “ಬರುತ್ತೆ ಸಾರ್” ಅನ್ನುತ್ತಿದ್ದೆ.

ಬಂತು. ಒಂದು ಸಂಜೆ ನೀಲಿ ಅಂಚಿನ ಏರ್‌ಮೇಲ್ ಲಕೋಟೆ ಹಿಡಿದುಕೊಂಡೇ ಮೆಟ್ಟಿಲು ಹತ್ತಿ ಬಂದರು. ಸುತ್ತ ಹತ್ತು ಮೆಷಿನ್ನುಗಳು ಬಡಿದುಕೊಳ್ಳುತ್ತಿದ್ದವು. ಅಂಗಡಿಯವರು ತುಂಬ ವಿನಯದಿಂದ, ನಿಮಗಾದ ತೊಂದರೆಗೆ ವಿಷಾದವಿದೆ, ನೀವು ಕೇಳಿದ್ದನ್ನೇ ಕಳಿಸಿದ್ದೇವೆ, ನಿಮ್ಮ ಆರ್ಡರಿನ ಪ್ರತಿ ಜೊತೆಗಿದೆ, ನೀವೀಗ ಹೇಳುವ ಸೆಟ್ಟಿನ ತಯಾರಿಕೆ ನಿಂತುಹೋಗಿದೆ ಎಂದು ಬರೆದಿದ್ದರು. ಫೋರ್‌ಮನ್ ಸಾರ್ ಆ ಪ್ರತಿಯನ್ನು ನನ್ನ ಮುಂದೆ ಇಟ್ಟರು. ನಾನು ಅದನ್ನು ನೋಡಲಿಲ್ಲ. ನೋಡದೇ ಇದ್ದದ್ದರಿಂದಲೇ ಅವರಿಗೆ ಗೊತ್ತಾಗಿಹೋಯಿತು.

“ನಿಂಗೆ ಮೊದ್ಲೇ ಗೊತ್ತಿತ್ತಾ?”

ತಲೆ ಆಡಿಸಿದೆ.

“ಎಷ್ಟು ದಿನದಿಂದ?”

“ಪಾರ್ಸೆಲ್ ಬಂದ ಮಾರನೇ ದಿನದಿಂದ ಸಾರ್.”

ಅವರು ಸ್ಟೂಲಿನ ಮೇಲೆ ಕೂತರು. ಆ ಪ್ರತಿಯನ್ನು ಮಡಿಚಿ ಲಕೋಟೆಗೆ ಹಾಕಿದರು. ಕಿರುಚಿದ್ದರೆ ಚೆನ್ನಾಗಿತ್ತು. “ತಪ್ಪು ಹೊಡೆದಿದ್ದಕ್ಕೆ ಏನಿಲ್ಲಮ್ಮ. ನಾನೂ ಓದ್ದೇ ಸೈನ್ ಹಾಕ್ದೆ. ಆದ್ರೆ ಯಾವನೋ ಪಾಪದವನನ್ನ ಅಷ್ಟೊಂದು ಬೈಸಿದೆಯಲ್ಲ ನನ್ ಕೈಲಿ... ಅದಕ್ಕೆ ಏನ್ ಮಾಡೋಣ?” ಅಂದರು. ಆಮೇಲೆ ಎದ್ದು, ಜಪಾನಿನ ಅಂಗಡಿಗೆ ಕ್ಷಮೆ ಕೇಳಿ ಒಂದು ಕಾಗದ ಬರೆಸಿದರು. ನನ್ನಿಂದ ಅಲ್ಲ, ಪಕ್ಕದ ಮೆಷಿನ್ನಿನ ಹುಡುಗಿಯಿಂದ. ಅದರಲ್ಲಿ ನನ್ನ ಹೆಸರಿರಲಿಲ್ಲ. ತಪ್ಪು ತಮ್ಮದೆಂದೇ ಬರೆಸಿದ್ದರು.

ಕಾರನ್ನು ಮದರಾಸಿನಲ್ಲಿ ರೇಸ್ ಓಡಿಸುವವರೊಬ್ಬರು ಕೊಂಡರು. ಅವರಿಗೆ ಬೇಕಾದದ್ದು ಕಾರ್ಬ್ಯುರೇಟರು, ಗೇರ್‌ಬಾಕ್ಸು ಅಷ್ಟೇ. ಕೊಟ್ಟ ದುಡ್ಡಿನಲ್ಲಿ ಸೈಟಿನ ಒಂದು ಮೂಲೆಯೂ ಬರುತ್ತಿರಲಿಲ್ಲ. ಲಾರಿಗೆ ಹಗ್ಗ ಕಟ್ಟಿ ಎಳೆದುಕೊಂಡು ಹೋಗುವಾಗ ಫೋರ್‌ಮನ್ ಸಾರ್ ಹಿಂದೆಯೇ ತಿರುವಿನವರೆಗೂ ನಡೆದು ಹೋದರು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಬಾಗಿಲು ತೆಗೆದು ಹೊರಗೆ ಬರುವ ಧೈರ್ಯವಾಗಲಿಲ್ಲ.

ನನ್ನ ಮದುವೆಗೆ ಇಬ್ಬರೂ ಬಂದರು, ಹರಸಿದರು. ದಾರಿಯಲ್ಲಿ ಸಿಕ್ಕರೆ “ಚೆನ್ನಾಗಿದೀಯಾಮ್ಮಾ?” ಅಂತ ಎಂದಿನಂತೆ ಕೇಳುತ್ತಿದ್ದರು. ಆದರೆ ಒಂದು ಸಾಲಿನ ಕಾಗದವನ್ನೂ ಮತ್ತೆ ನನ್ನ ಹತ್ತಿರ ತರಲಿಲ್ಲ. ರಿಟೈರಾಗುವವರೆಗೂ ಬಾಡಿಗೆ ಮನೆಯಲ್ಲೇ ಇದ್ದು, ಆಮೇಲೆ ಬೆಂಗಳೂರಿನ ಅಂಚಿನ ಉಲ್ಲಾಳದ ಕಡೆ ಎಲ್ಲೋ ಸಣ್ಣ ಮನೆಗೆ ಹೋದರು. ಅವರು ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ಒಂದು ವರ್ಷದ ನಂತರ.

ನಾನು ಮುಂದೆ ಮೂವತ್ತು ವರ್ಷ ಸರ್ಕಾರಿ ಕಚೇರಿಯಲ್ಲಿ ದುಡಿದೆ. ಎಷ್ಟೋ ತಪ್ಪು ಮಾಡಿದೆ, ಎಷ್ಟೋ ಒಪ್ಪಿಕೊಂಡೆ. ಆ ಸಂಜೆ ಮಾತ್ರ ಬಿಡುವುದಿಲ್ಲ. ಸ್ಟೂಲು ನೆನಪಿದೆ, ಅವರ ಷರ್ಟಿನ ಬಣ್ಣ ನೆನಪಿದೆ, ಅವರು ಆಡಿದ ಒಂದೊಂದು ಮಾತೂ ನೆನಪಿದೆ. ಆದರೆ ನಾನು “ತಪ್ಪಾಯ್ತು ಸಾರ್” ಅಂದೆನಾ, ಇಲ್ಲವಾ... ಅದೊಂದು ಎಷ್ಟು ತಡಕಿದರೂ ಸಿಗುವುದಿಲ್ಲ. ಕೇಳೋಣವೆಂದರೆ, ಹೌದು, ನೀನು ಅಂದೆ ಕಣಮ್ಮಾ ಅಂತ ಹೇಳಬಹುದಾಗಿದ್ದ ಒಬ್ಬರೇ ಒಬ್ಬರು ಈಗ ಇಲ್ಲ.