ಎರಡನೆಯ ಸ್ಕ್ಯಾನ್

ಓಣಿಯ ಹೆಂಗಸರಿಗೆಲ್ಲ ಅವಳು ಟೈಲರಕ್ಕ. ಅವಳ ಹೊಲಿಗೆ ಯಂತ್ರ ಇದ್ದದ್ದು ಅಡುಗೆಮನೆಯ ಬಾಗಿಲಲ್ಲಿ. ಹೊಲಿಯುತ್ತಲೇ ಒಲೆಯ ಮೇಲೊಂದು ಕಣ್ಣಿಡಲಿ ಎಂದು ಗಂಡ ಅದನ್ನು ಅಲ್ಲಿ ಹಾಕಿಸಿದ್ದ. ಆಗಾಗ ಬರುವ ಹೊಟ್ಟೆನೋವು ಹೇಗಿದೆ ಎಂದು ಯಾರು ಕೇಳಿದರೂ "ಸ್ವಲ್ಪ" ಎನ್ನುವುದು ಅವಳ ರೂಢಿ. ಬಹಳ ಎಂದಿದ್ದರೂ ಒಲೆಯ ಮುಂದೆ ನಿಲ್ಲುವವರು ಬೇರೆ ಯಾರೂ ಇರಲಿಲ್ಲ.

ಒಂದು ಬೆಳಿಗ್ಗೆ ನೋವು ಬೆನ್ನಿಗೂ ಹಾಯ್ದು, ಯಂತ್ರದ ಮೇಲೆಯೇ ಕುಸಿದಳು. ಪಿತ್ತಕೋಶದ ಕಲ್ಲೊಂದು ಜಾರಿ ಮೇದೋಜೀರಕ ಗ್ರಂಥಿ ಊದಿಕೊಂಡಿದೆ ಎಂದರು ಆಸ್ಪತ್ರೆಯಲ್ಲಿ. ಅಂದೇ ತೆಗೆದ ಸಿಟಿ ಸ್ಕ್ಯಾನಿನಲ್ಲಿ ಊತ ಬಿಟ್ಟರೆ ಹೆಚ್ಚೇನೂ ಕಾಣಲಿಲ್ಲ. ಅತ್ತೆ ಅಷ್ಟನ್ನೇ ಗಟ್ಟಿಯಾಗಿ ಹಿಡಿದುಕೊಂಡರು.

ವಾರದ ಮೇಲಾಯಿತು. ಬೆಳಿಗ್ಗೆ ಡಾಕ್ಟರಮ್ಮ ಬಂದು ನೋವು ಹೇಗಿದೆ ಎಂದು ಕೇಳಿದಾಗ ಗಂಡ ಪಕ್ಕದಲ್ಲೇ ನಿಂತಿದ್ದ. ಅವಳ ಬಾಯಿ ತಾನಾಗಿ "ಸ್ವಲ್ಪ" ಎಂದಿತು. ಹಾಗಾದರೆ ಮನೆಗೆ ಹೋಗಬಹುದು ಎಂದಾಯಿತು. ಮಧ್ಯಾಹ್ನ ಅವಳು ಚಳಿಜ್ವರದಲ್ಲಿ ನಡುಗುತ್ತಿದ್ದರೆ ಅವನು ಬಟ್ಟೆಗಳನ್ನು ಚೀಲಕ್ಕೆ ತುರುಕುತ್ತಿದ್ದ.

"ಏಳು, ಗಾಡಿ ಕಾಯ್ತಿದೆ."

"ನಾನು ಮಂಚ ಇಳಿಯಲ್ಲ. ಡಾಕ್ಟರಮ್ಮನ್ನ ಕರೀರಿ."

"ಸ್ಕ್ಯಾನಲ್ಲಿ ಏನೂ ಇಲ್ವಲ್ಲಮ್ಮ," ಎಂದರು ಅತ್ತೆ. "ನಾಳೆ ಬೀಗರು ಊಟಕ್ಕೆ ಬರ್ತಾರೆ. ಮನೇಲೇ ಮಲಗು, ಯಾರು ಬೇಡ ಅಂದ್ರು?"

"ಮನೇಲಿ ನನಗೆ ಹಾಸಿಗೆ ಎಲ್ಲಿ ಹಾಸ್ತೀರ ಅತ್ತೆ, ಒಲೆ ಮೇಲಾ?"

ಪಕ್ಕದ ಮಂಚದ ಅಜ್ಜಿ ಕಿಸಕ್ಕೆಂದಳು. ಗಂಡನ ಮುಖ ಕೆಂಪಾಯಿತು. "ನಾಲಿಗೆ ಇಷ್ಟು ಜೋರಾಗಿದೆ ಅಂದ್ರೆ ಹುಷಾರಾಗಿದ್ದಾಳೆ ಅಂತಲೇ."

ಅವಳು ಮಂಚದ ಕಂಬಿ ಹಿಡಿದಳು. ಅವನು ತೋಳು ಎಳೆದ. ಅವಳು ಕಂಬಿ ಬಿಡಲಿಲ್ಲ. ನರ್ಸ್ ಓಡಿಹೋಗಿ ಡಾಕ್ಟರಮ್ಮನನ್ನು ಕರೆತಂದಳು.

"ಬೆಳಿಗ್ಗೆ ಹೇಳಿದ್ದು ಸುಳ್ಳು ಮೇಡಂ. ಸ್ವಲ್ಪ ಅಲ್ಲ, ಜೀವ ಹೋಗೋ ಹಾಗಿದೆ. ಇನ್ನೊಂದು ಸಲ ಒಳಗೆ ನೋಡಿ."

ಡಾಕ್ಟರಮ್ಮ ಹೊಟ್ಟೆ ಒತ್ತಿ ನೋಡಿ ಗಂಡನತ್ತ ತಿರುಗಿದರು. "ಮೊದಲ ದಿನದ ಚಿತ್ರದಲ್ಲಿ ಎಲ್ಲಾ ಕಾಣಲ್ಲ. ಗ್ರಂಥಿ ಸಾಯೋದು, ಸುತ್ತ ನೀರು ತುಂಬೋದು ಆಮೇಲೆ ಗೊತ್ತಾಗೋದು. ಚೀಲ ಕೆಳಗಿಡಿ."

ಸ್ಕ್ಯಾನಿನ ದೊಡ್ಡ ಬಳೆಯೊಳಗೆ ಅವಳನ್ನು ಮಲಗಿಸಿದರು. ಸೂಜಿಯಿಂದ ಹೋದ ಔಷಧಿ ಮೈಯೆಲ್ಲ ಬಿಸಿಬಿಸಿಯಾಗಿ ಹರಿಯಿತು. ಉಸಿರು ಹಿಡಿಯಿರಿ ಎಂದಿತು ಯಾವುದೋ ಧ್ವನಿ. ಹಿಡಿದಳು.

ಗ್ರಂಥಿಯ ಒಂದು ಭಾಗಕ್ಕೆ ರಕ್ತವೇ ಹೋಗದೆ ಚಿತ್ರದಲ್ಲಿ ಕಪ್ಪಗೆ ಕಾಣುತ್ತಿತ್ತು. ಸುತ್ತಲೂ ಕೀವು, ಕೀವಿನಲ್ಲಿ ಗಾಳಿಯ ಗುಳ್ಳೆಗಳು. ಸಂಜೆಯೊಳಗೆ ಪಕ್ಕೆಯಿಂದ ಕೊಳವೆ ಇಳಿಸಿ ಕೀವು ಹೊರಬಿಟ್ಟರು.

"ಮನೆಗೆ ಯಾವಾಗ ಕಳಿಸ್ತೀರ?" ಗಂಡ ಕೇಳಿದ.

"ಇವತ್ತು ಕರ್ಕೊಂಡು ಹೋಗಿದ್ರೆ ಇವರು ಉಳೀತಿರ್ಲಿಲ್ಲ. ಕೀವು ನಿಲ್ಲೋವರೆಗೂ ಆ ಮಾತೇ ಬೇಡ."

ಡಾಕ್ಟರಮ್ಮ ಹೋದ ಮೇಲೆ ಅತ್ತೆ ಮೆಲ್ಲಗೆ ಗೊಣಗಿದರು: "ಬೀಗರಿಗೆ ಏನಂತ ಹೇಳ್ಲಿ?"

"ನಿಮ್ಮ ಮಗ ಅಡುಗೆ ಮಾಡ್ತಾರೆ ಅಂತ ಹೇಳಿ," ಎಂದಳು ಟೈಲರಕ್ಕ. "ಕಲಿಯೋಕೆ ನಾಳೆವರೆಗೂ ಹೊತ್ತಿದೆ."