ಸಂಘದ ಸಲುವಾಗಿ ಬಸುರಿಯಾದದ್ದು

ನಲವತ್ತು ದಾಟಿದ ಮೇಲೆ ನಾನು ಮತ್ತೊಮ್ಮೆ ಬಸುರಿಯಾದೆ. ಅದು ಸಂಘದ ಸಲುವಾಗಿ.

ಬ್ಯಾಡಗಿಯ ಒಬ್ಬ ಸಾಹುಕಾರರ ಅಂಗಳದಲ್ಲಿ ನಾವು ಹೆಂಗಸರು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದೆವು. ಬೆಳಗಿನಿಂದ ಸಂಜೆಯ ತನಕ ಒಬ್ಬರಾದ ಮೇಲೊಬ್ಬರು ಸೀನುವುದೇ. ಅಲ್ಲಿ ಶೌಚಾಲಯವಿರಲಿಲ್ಲ, ರಸ್ತೆ ದಾಟಿ ಜಾಲಿಗಿಡಗಳ ಮರೆಗೆ ಹೋಗಬೇಕಿತ್ತು. ಹೆಸರಿಗೊಂದು ಕೂಲಿಕಾರರ ಸಂಘವಿತ್ತು. ಅದರ ಅಧ್ಯಕ್ಷ ಸಾಹುಕಾರರ ಅಳಿಯ. ದೂರು ಹೇಳಹೋದರೆ ಅವನು ಮಾವನಿಗಿಂತ ಮೊದಲೇ ಸಿಟ್ಟಾಗುತ್ತಿದ್ದ. ಹಾಗಾಗಿ ನಮ್ಮದೇ ಬೇರೆ ಸಂಘ ಕಟ್ಟಲು ಹೊರಟೆವು.

ಆದರೆ ಆಗಿನ ಸರಕಾರಕ್ಕೆ ನಾಲ್ಕು ಜನ ಒಂದೆಡೆ ಕೂಡುವುದೆಂದರೆ ಆಗುತ್ತಿರಲಿಲ್ಲ. ಸಭೆಗೆ ಪರವಾನಗಿ ಕೇಳಿದರೆ ಠಾಣೆಯಲ್ಲಿ ಮೊದಲು ಚುನಾವಣೆ ಇದೆ ಎಂದರು, ಆಮೇಲೆ ಹಬ್ಬವಿದೆ ಎಂದರು, ಕೊನೆಗೆ ಕಾರಣ ಹೇಳುವುದನ್ನೇ ಬಿಟ್ಟರು. ರಾಣೆಬೆನ್ನೂರಿನಿಂದ ದಿನಾ ರೈಲಿಗೆ ಬರುತ್ತಿದ್ದ ನಮ್ಮ ಗೆಳತಿ ಕರಪತ್ರ ಹಂಚಿದಳೆಂದು ಅವಳನ್ನು ಇಡೀ ದಿನ ಠಾಣೆಯ ಬೆಂಚಿನ ಮೇಲೆ ಕೂರಿಸಿದರು. ಕೂತು ಕೂತು ಅವಳಿಗೊಂದು ಉಪಾಯ ಹೊಳೆದಿತ್ತು.

“ಸಭಾ ಮಾಡಾಕ ಪರವಾನಗಿ ಬೇಕು,” ಎಂದಳು ಹೊರಬಂದು. “ಕುಬಸ ಮಾಡಾಕ ಯಾರನ್ನೂ ಕೇಳಬೇಕಾಗಿಲ್ಲ.”

ಕುಬಸವೆಂದರೆ ಸೀಮಂತ, ಅದಕ್ಕೆ ಬಸುರಿ ಬೇಕಲ್ಲ. ಹರೆಯದ ಸೊಸೆಯರು, ಅತ್ತೆಗೆ ಗೊತ್ತಾದರೆ ಕೊಂದೇಬಿಡುತ್ತಾಳೆ ಎಂದು ಹಿಂದೆ ಸರಿದರು. ಉಳಿದವರೆಲ್ಲ ನನ್ನ ಹೊಟ್ಟೆಯನ್ನು ನೋಡತೊಡಗಿದರು. ಇದು ವಯಸ್ಸಿನದು, ರೊಟ್ಟಿಯದು ಎಂದು ಎಷ್ಟು ಹೇಳಿದರೂ ಕೇಳಲಿಲ್ಲ.

ನಮ್ಮ ಜೊತೆಗೇ ಕೆಲಸ ಮಾಡುವ ಮುಸಲ್ಮಾನರ ಮನೆಯ ಹಿರಿಯಳೊಬ್ಬಳು ತನ್ನ ಅಂಗಳ ಬಿಟ್ಟುಕೊಟ್ಟಳು. ನನಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ ನಡುವೆ ಕೂರಿಸಿದರು. ಗೆಳತಿ ಎದ್ದು ನಿಂತು, ಕೆಲಸದ ಜಾಗದಲ್ಲಿ ಕುಡಿಯುವ ನೀರು, ಶೌಚಾಲಯ ಇರಲೇಬೇಕೆಂದು ಕಾನೂನೇ ಹೇಳುತ್ತದೆ ಎನ್ನುವಷ್ಟರಲ್ಲಿ ಬಾಗಿಲಲ್ಲಿ ಪೊಲೀಸಪ್ಪ ನಿಂತಿದ್ದ. ಅವಳು ಉಸಿರೂ ಬಿಡದೆ, “ಅದರಾಗೂ ಬಸುರಿ ಹೆಂಗಸಿಗಂತೂ ಬೇಕಾ ಬೇಕು,” ಎಂದು ಮುಗಿಸಿ ನನಗೆ ಆರತಿ ಎತ್ತಿದಳು.

ಎಷ್ಟು ತಿಂಗಳು ಎಂದು ಅವನು ಕೇಳಿದ. ಒಬ್ಬಳು ಐದು ಎಂದಳು, ಇನ್ನೊಬ್ಬಳು ಏಳು ಎಂದಳು. ಮನೆಯ ಹಿರಿಯಳು, ಐದು ಮುಗಿದು ಏಳಕ್ಕೆ ಬಿದ್ದಿದೆ ಎಂದು ಇಬ್ಬರ ಮಾತನ್ನೂ ಉಳಿಸಿದಳು. ಅವನು ಬೆರಳು ಮಡಚಿ ಲೆಕ್ಕ ಹಾಕುವ ಮೊದಲೇ ಕೈಗೆ ಶೇಂಗಾ ಹೋಳಿಗೆ ಬಂತು. ತಿಂದು ಮುಗಿಸಿ ನನ್ನ ಕಡೆ ನೋಡಿದ. ಅವನ ಮುಖದಲ್ಲಿ ನಿಜವಾಗಿಯೂ ಕನಿಕರವಿತ್ತು.

“ಅಕ್ಕಾರ, ಈ ವಯಸ್ಸಿನ್ಯಾಗ ರಸ್ತೆ ದಾಟಿ ಗಿಡದ ಮರಿಗೆ ಹೋಗೋದು ಛಲೋ ಅಲ್ರಿ. ಸಾಹುಕಾರಗ ನಾನ ಹೇಳ್ತೇನಿ.”

ಹೇಳಿಯೂ ಹೇಳಿದ. ನಮ್ಮ ಸಂಘದ ಮೊದಲ ಬೇಡಿಕೆಯನ್ನು ಸಾಹುಕಾರರಿಗೆ ಮುಟ್ಟಿಸಿದ್ದು ಹೀಗೆ ಪೊಲೀಸ್ ಇಲಾಖೆ. ಸಾಹುಕಾರರು ಹೆದರಿ ಶೌಚಾಲಯ ಕಟ್ಟಿಸಿದರು. ಅಳಿಯ ರಿಬ್ಬನ್ ಕತ್ತರಿಸಿ, ಇದು ತನ್ನ ಸಂಘದ ಹೋರಾಟದ ಫಲ ಎಂದು ಭಾಷಣ ಶುರುಮಾಡಿದ. ಅದು ಮುಗಿಯುವ ತನಕ ತಡೆಯಲಾಗದೆ ರಾಣೆಬೆನ್ನೂರಿನ ಗೆಳತಿ ಅವನ ಬೆನ್ನ ಹಿಂದಿನಿಂದ ನುಸುಳಿ ಒಳಗೆ ಹೋಗಿ ಚಿಲಕ ಹಾಕಿಕೊಂಡಳು.

ಮನೆಯಲ್ಲಿ ನನ್ನ ಪಾಡು ಬೇರೆ. ಗೂಡ್ಸ್ ಆಟೋ ಓಡಿಸುವ ನನ್ನ ಗಂಡನಿಗೆ ಚಹಾದಂಗಡಿಯಲ್ಲಿ ಎಲ್ಲರೂ ಕೈಕುಲುಕಿದ್ದರು. ಅವನು ಬಂದು ಆಟೋದ ಕೀಲಿ ಗೂಟಕ್ಕೆ ಹಾಕಿ, “ನನಗರ ಒಂದು ಮಾತು ಹೇಳಬೇಕಿತ್ತು,” ಎಂದ. ಅವನ ಸಮಾಧಾನ ಮಾಡುವಷ್ಟರಲ್ಲಿ ಸುದ್ದಿ ಕೇಳಿ ಕರ್ಜಗಿಯಿಂದ ಅತ್ತೆ ಬಸ್ಸಿಳಿದು ಬಂದರು, ಕೈಯಲ್ಲಿ ಬಸುರಿ ಬಾಣಂತಿಯರಿಗೆಂದು ಕಟ್ಟುವ ಅಂಟಿನುಂಡಿಯ ಡಬ್ಬಿ. ನಿಜ ಹೇಳಿದೆ. ಅವರ ಮುಖ ಬಾಡಿದ್ದು ಕಂಡು, ಒಂದು ಗಳಿಗೆ, ಬಸುರಿಯಾಗಿದ್ದರೇ ಚೆನ್ನಾಗಿತ್ತೇನೋ ಅನಿಸಿತು.

“ಉಂಡಿ ಕಟ್ಟಿ ಕೈ ಸೋತಾವು,” ಎಂದರು. “ಇವನ್ನ ಇನ್ನ ಯಾರ ಬಾಯಿಗೆ ಹಾಕ್ಲಿ?”

“ಸಂಘಕ್ಕ ಹಾಕಬೇ,” ಎಂದ ನನ್ನ ಗಂಡ.

ಮರುದಿನ ಅತ್ತೆ ಡಬ್ಬಿ ಹಿಡಿದು ತಾವೇ ಸಾಹುಕಾರರ ಅಂಗಳಕ್ಕೆ ಬಂದು ಎಲ್ಲರಿಗೂ ಹಂಚಿದರು. ಮೆಣಸಿನಕಾಯಿ ಘಾಟಿಗೆ ನಮಗಿಂತ ಜೋರಾಗಿ ಸೀನಿದರು.

ಸಂಘದ ನೋಂದಣಿಗೆ ಹಾವೇರಿಗೆ ಅಲೆದು ಚಪ್ಪಲಿ ಸವೆದವು. ಪ್ರತಿ ಸಲವೂ ಏನೋ ಒಂದು ತಪ್ಪು ಹುಡುಕಿ ಕಾಗದ ಹಿಂದಿರುಗಿಸುತ್ತಿದ್ದರು. ಕಡೆಗೂ ನೋಂದಣಿ ಪತ್ರ ಕೊಟ್ಟ ದಿನ ನಾವೆಲ್ಲ ಬಸ್ ನಿಲ್ದಾಣದ ಎದುರು ನಿಂತು ಮಿರ್ಚಿ ಭಜಿ ತಿಂದೆವು. ಖಾರವೇ ಇಲ್ಲವೆಂದು ಅಂಗಡಿಯವನ ಜೊತೆ ಜಗಳ ತೆಗೆದೆವು.