ಮೊಳೆ ಹೊಡೆಯದ ಗೋಡೆ

ಸುಬ್ರಹ್ಮಣ್ಯಪುರದ ನಮ್ಮ ಹೊಸ ಫ್ಲ್ಯಾಟಿನಲ್ಲಿ ಇವತ್ತು ಗೋಡೆಗೆ ಡ್ರಿಲ್ ಹಾಕಿಸಿದೆ. ಆ ಸಿಮೆಂಟ್ ಪುಡಿಯ ವಾಸನೆಗೆ ಬನಶಂಕರಿಯ ಬಾಡಿಗೆ ಮನೆ ನೆನಪಾಯಿತು.

ನಾವು ಮಹಡಿಯ ಮೇಲೆ, ಓನರ್ ಆಂಟಿ ಕೆಳಗೆ. "ಏನ್ ಬೇಕಾದ್ರೂ ಮಾಡ್ಕೊಳ್ಳಿ, ಗೋಡೆಗೆ ಮೊಳೆ ಮಾತ್ರ ಹೊಡೀಬೇಡಿ" ಎಂದು ಬಂದ ದಿನವೇ ಹೇಳಿದ್ದರು. ಬಾಡಿಗೆ ನಮ್ಮದು, ಗೋಡೆ ಮಾತ್ರ ಅವರದೇ ಎಂದು ನನಗೆ ಸಿಟ್ಟು. ಅಮ್ಮ ಮಾತ್ರ ಆ ಮಾತನ್ನು ವ್ರತದಂತೆ ಪಾಲಿಸಿದಳು. ದೇವರ ಪಟಗಳನ್ನು ಅಕ್ಕಿ ಡಬ್ಬಕ್ಕೆ ಒರಗಿಸಿಟ್ಟಳು. ಕ್ಯಾಲೆಂಡರನ್ನು ಹೂವಿನ ದಾರದಿಂದ ಕಿಟಕಿಯ ಸರಳಿಗೆ ಕಟ್ಟಿದಳು. ಗಾಳಿ ಬಂದಾಗಲೆಲ್ಲ ಅದು ಪಟಪಟ ಎನ್ನುತ್ತಿತ್ತು. ಆ ಸದ್ದಿನಲ್ಲೇ ನಾನು ಮಗ್ಗಿ ಕಲಿತೆ. ಅಪ್ಪ ಅಮ್ಮನ ಮದುವೆ ಫೋಟೋ ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಟ್ರಂಕಿನಲ್ಲಿತ್ತು.

"ಸ್ವಂತ ಮನೆ ಆಗ್ಲಿ, ಹಾಕೋಣ" ಎನ್ನುತ್ತಿದ್ದರು ಅಪ್ಪ. ಆಮೇಲೆ ಎಷ್ಟೋ ಬಾಡಿಗೆ ಮನೆ ಬದಲಾಯಿಸಿದೆವು. ಫೋಟೋ ಹೊರಗೆ ಬರಲಿಲ್ಲ.

ಇವತ್ತು ಅದು ಹಾಲಿನ ಗೋಡೆ ಏರಿತು. ಅಪ್ಪ ದೂರ ನಿಂತು, ಹತ್ತಿರ ನಿಂತು ನೋಡಿದ್ದೇ ನೋಡಿದ್ದು.

"ಕ್ಯಾಲೆಂಡರ್ ಕೊಡಮ್ಮ, ಅದಕ್ಕೂ ಒಂದು ಮೊಳೆ ಹೊಡೆಸ್ತೀನಿ" ಎಂದೆ. ಅಮ್ಮ ಆಗಲೇ ಅದನ್ನು ಕಿಟಕಿಗೆ ಕಟ್ಟಿ ಆಗಿತ್ತು.

"ಬೇಡ ಬಿಡು" ಎಂದಳು. "ಅದು ಪಟಪಟ ಅಂತಿದ್ರೇನೇ ನಮ್ಮನೆ ಅನ್ಸೋದು."